ಒಳಗೆ ಬಿಟ್ಟ ಬಟ್ಟೆ

ಮಾರ್ಚ್ 4

ಪ್ರೀತಿಯ ಗುಂಡು,

ನೀನು ಹೋಗಿ ಇವತ್ತಿಗೆ ಇಪ್ಪತ್ತೆಂಟು ದಿನ. ಐಸ್‌ಕ್ರೀಂ ಫ್ಯಾಕ್ಟರಿಯಲ್ಲಿ ನಿನಗೆ ರುಚಿ ನೋಡುವ ಕೆಲಸ ಸಿಕ್ಕಿದೆ ಎಂದು ಓದಿ ಅಮ್ಮ ಎರಡು ದಿನ ನಕ್ಕಳು. ಹಾಲಿಗೆ ಬೆಕ್ಕು ಕಾವಲು ಎಂದರೆ ಇದೇ ನೋಡು. ಬೇಸಿಗೆ ಮುಗಿದು ನೀನು ರಜೆಗೆ ಬರುವಷ್ಟರಲ್ಲಿ ಅಂಗಡಿಯ ಬಾಗಿಲನ್ನು ಇನ್ನೊಂದು ಅಡಿ ಅಗಲ ಮಾಡಿಸಬೇಕೋ ಏನೋ. ಬಡಗಿಗೆ ಈಗಲೇ ಹೇಳಿಡುತ್ತೇನೆ.

ಇಲ್ಲಿ ಬಿಸಿಲು ಶುರುವಾಗಿದೆ. ಮಧ್ಯಾಹ್ನ ಹೊಲಿಗೆ ಯಂತ್ರದ ತಲೆ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ನಿನಗೆಂದು ತಿಳಿನೀಲಿ ಹತ್ತಿ ಬಟ್ಟೆ ತೆಗೆದಿಟ್ಟಿದ್ದೇನೆ. ಗಿಡ್ಡ ತೋಳು, ಅಗಲ ಕುತ್ತಿಗೆ, ಗಾಳಿಯಾಡುವ ಹಾಗೆ ಒಂದು ಅಂಗಿ ಹೊಲಿಯೋಣ ಎಂದು. ಅಳತೆ ಬರೆದು ಕಳಿಸು. ಫೋನಿನಲ್ಲಿ ಹೇಳಿದ ಅಳತೆಗೆ ನಾನು ಕತ್ತರಿ ಹಾಕುವುದಿಲ್ಲವೆಂದು ನಿನಗೆ ಗೊತ್ತು. ನಿನ್ನ ಪೆಟ್ಟಿಗೆಯ ಮೂಲೆಯಲ್ಲಿ ಅಮ್ಮನ ಹಳದಿ ಟೇಪು ಇಟ್ಟಿದ್ದೆ, ಹುಡುಕಿಕೋ.

ನಿನ್ನ ಅಕ್ಕ


ಮಾರ್ಚ್ 15

ಅಕ್ಕ,

ಬಡಗಿಗೆ ಹೇಳಬೇಡ. ಇಲ್ಲೊಂದು ಗುಟ್ಟಿದೆ. ರುಚಿ ನೋಡುವವರು ನುಂಗುವ ಹಾಗಿಲ್ಲ. ಒಂದು ಚಮಚ ಬಾಯಿಗಿಟ್ಟು, ನಾಲಿಗೆಯ ಮೇಲೆ ಹೊರಳಿಸಿ, ಪಕ್ಕದ ಡಬ್ಬಿಗೆ ಉಗಿದು, ಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಆಮೇಲೆ ಚೀಟಿಯಲ್ಲಿ ಸಿಹಿ ಸರಿ, ಉಪ್ಪು ಹೆಚ್ಚು, ಹಾಲು ಸೀದಿದೆ ಎಂದು ಬರೆಯಬೇಕು. ನುಂಗಿದರೆ ಹತ್ತನೆಯ ಚಮಚಕ್ಕೆ ನಾಲಿಗೆ ಸತ್ತುಹೋಗುತ್ತದಂತೆ. ಮೊದಲ ವಾರ ಉಗಿಯುವುದಕ್ಕೆ ಹೊಟ್ಟೆ ಉರಿಯುತ್ತಿತ್ತು. ಈಗ ಏನೂ ಅನ್ನಿಸುವುದಿಲ್ಲ. ನುಂಗದೆ ಇರುವುದೇ ಈ ಕೆಲಸದ ವಿದ್ಯೆ, ಅದು ನನಗೆ ಬೇಗ ಒಲಿಯಿತು ಎಂದು ಸೂಪರ್‌ವೈಸರ್ ಎಲ್ಲರ ಮುಂದೆ ಹೇಳಿದರು. ನನ್ನ ಮೈಗೆ ಸಂಬಂಧಪಟ್ಟ ಒಂದು ವಿಷಯವನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು.

ನಾವು ಕೂರುವುದು ತಣ್ಣನೆಯ ಕೋಣೆಯ ಬಾಗಿಲಿಗೆ ಅಂಟಿಕೊಂಡು. ಗಿಡ್ಡ ತೋಳು ಬೇಡ. ಮಣಿಕಟ್ಟಿನವರೆಗೆ ತೋಳಿರಲಿ, ಕುತ್ತಿಗೆ ಮುಚ್ಚಿರಲಿ. ಅಳತೆ ಹಿಂಬದಿಯಲ್ಲಿದೆ. ಅದನ್ನು ನೀನೇ ಪುಸ್ತಕಕ್ಕೆ ಬರೆದುಕೋ, ಅಮ್ಮನಿಗೆ ಓದಿ ಹೇಳಿ ಬರೆಸಬೇಡ.

ಗುಂಡು


ಮಾರ್ಚ್ 27

ಪ್ರೀತಿಯ ಗುಂಡು,

ಅಂಗಿ ಕಳಿಸಿದ್ದೇನೆ. ತೋಳು ಉದ್ದ, ಕುತ್ತಿಗೆ ಮುಚ್ಚಿದೆ. ಹೊರಗೆ ಬಂದಾಗ ಬೆಂದುಹೋಗುತ್ತೀ, ಅದು ನಿನ್ನ ಹಣೆಬರಹ.

ನಿನ್ನ ಅಳತೆ ನೋಡಿ ನಗು ಬಂತು ಕಣೇ. ಕಳೆದ ಬೇಸಿಗೆಯ ಅಂಕಿಗೂ ಇದಕ್ಕೂ ಸೊಂಟದಲ್ಲಿ ಎರಡು ಇಂಚು ಕಡಿಮೆ. ತಪ್ಪು ನಿನ್ನದಲ್ಲ, ಟೇಪಿನದು. ಬಟ್ಟೆಯ ಟೇಪು ಹಳೆಯದಾದರೆ ಹಿಗ್ಗಿಹೋಗುತ್ತದೆ, ಗೆರೆಗಳು ದೂರವಾಗಿ ಅಳತೆ ಕಡಿಮೆ ತೋರಿಸುತ್ತದೆ. ಆ ಹಳದಿ ಟೇಪು ಮೂವತ್ತು ವರ್ಷ ಊರಿನ ಮೈಯನ್ನೆಲ್ಲ ಸುತ್ತಿ ಬಂದಿದೆ, ಹಿಗ್ಗದೆ ಇರುತ್ತದೆಯೇ? ಅದಕ್ಕೇ ನಾನೇ ಎರಡು ಇಂಚು ಸೇರಿಸಿ ಹೊಲಿದೆ. ನಿನ್ನ ಮೈ ನನ್ನ ಕಣ್ಣಿಗೆ ಗೊತ್ತಿಲ್ಲವೇ? ಪಕ್ಕದ ಹೊಲಿಗೆಯ ಒಳಗೆ ಒಂದೂವರೆ ಇಂಚು ಬಟ್ಟೆಯನ್ನೂ ಬಿಟ್ಟಿದ್ದೇನೆ. ಮೈ ಬಂದರೆ ಬಿಚ್ಚಿಕೊಳ್ಳಬಹುದು.

ನಿನ್ನ ಅಕ್ಕ


ಏಪ್ರಿಲ್ 9

ಅಕ್ಕ,

ಅಂಗಿ ಬಂತು. ಚೆನ್ನಾಗಿದೆ. ನೀನು ಸೇರಿಸಿದ ಎರಡು ಇಂಚನ್ನೂ ನೋಡಿದೆ. ನಿನ್ನ ಕಣ್ಣಿಗೆ ನಾನು ಯಾವಾಗಲೂ ಅಷ್ಟೇ ಎಂದು ಗೊತ್ತಾಯಿತು. ಇರಲಿ.

ಹೋದ ವಾರ ರಜೆಯ ದಿನ ಹಾಸ್ಟೆಲ್ಲಿನವರೆಲ್ಲ ಕೆರೆಗೆ ಈಜಲು ಹೊರಟರು. ನಾನೂ ಹೋಗಿದ್ದೆ. ದಡದಲ್ಲಿ ಕೂತು ಎಲ್ಲರ ಬಟ್ಟೆ ಕಾದೆ. ಯಾರಾದರೊಬ್ಬರು ಕಾಯಬೇಕಲ್ಲ. ಪಕ್ಕದ ಮಂಚದವಳು ನೀರಿನಿಂದ ಎದ್ದು ಬಂದು ಒದ್ದೆ ಮೈಯಲ್ಲೇ ಬಂಡೆಯ ಮೇಲೆ ಅಂಗಾತ ಮಲಗಿದಳು. ಯಾರು ನೋಡುತ್ತಾರೆ ಎಂಬ ಯೋಚನೆಯೇ ಇಲ್ಲ ಅವಳಿಗೆ. ನಾನು ಅವಳ ತೋಳು ನೋಡುತ್ತ ಕೂತಿದ್ದೆ. ಆಮೇಲೆ ನನ್ನದನ್ನು ನೋಡಿಕೊಂಡೆ. ಬೇಸಿಗೆ ಅನ್ನುವುದು ತೆಳ್ಳಗಿರುವವರಿಗೆ ಮಾಡಿಟ್ಟ ಕಾಲ, ಅಕ್ಕ. ಉಳಿದವರು ಬಟ್ಟೆ ಕಾಯಬೇಕು.

ಮುಂದಿನ ಅಂಗಿಗೆ ಒಳಗೆ ಉಣ್ಣೆಯ ಅಸ್ತರಿ ಕೊಡುತ್ತೀಯಾ? ಕೋಣೆ ತುಂಬ ತಣ್ಣಗೆ. ಅಳತೆ ಹಿಂದೆ ಬರೆದಿದ್ದೇನೆ. ದಯವಿಟ್ಟು ಏನೂ ಸೇರಿಸಬೇಡ.

ನಿನ್ನ ತಂಗಿ


ಏಪ್ರಿಲ್ 21

ಗುಂಡು,

ಕೊರಡು ಬೇಯುವಂಥ ಸೆಕೆಯಲ್ಲಿ ಕೂತು ಉಣ್ಣೆ ಹೊಲಿದವಳು ಈ ಊರಿನಲ್ಲಿ ನಾನೊಬ್ಬಳೇ. ಅಸ್ತರಿ ತೊಡೆಯ ಮೇಲೆ ಹರಡಿಕೊಂಡರೆ ಒಲೆಯನ್ನೇ ಮಡಿಲಲ್ಲಿ ಇಟ್ಟುಕೊಂಡ ಹಾಗಿತ್ತು. ಶಾಲೆಯ ಯೂನಿಫಾರಂ ಕೆಲಸ ರಾಶಿ ಬಿದ್ದಿದೆ, ಆದರೂ ನಿನ್ನದನ್ನು ಮೊದಲು ಮುಗಿಸಿದೆ.

ಈ ಸಲ ಅಂಕಿ ಇನ್ನೂ ಇಳಿದಿದೆ. ಸೊಂಟವೇನು ನಿಮ್ಮ ಫ್ಯಾಕ್ಟರಿಯ ಐಸ್‌ಕ್ರೀಮೇ, ತಿಂಗಳಿಗೊಮ್ಮೆ ಕರಗುವುದಕ್ಕೆ? ಆ ಟೇಪನ್ನು ಎಸೆ. ನೀನು ಬೇಡವೆಂದರೂ ಮೂರು ಇಂಚು ಸೇರಿಸಿದ್ದೇನೆ. ಬಿಗಿಯಾದ ಅಂಗಿ ತೊಟ್ಟು ಕಂಕುಳಲ್ಲಿ ಹರಿದುಕೊಂಡು ನಾಲ್ಕು ಜನರೆದುರು ನಿಂತರೆ ಹೊಲಿದವಳ ಮರ್ಯಾದೆ ಹೋಗುತ್ತದೆ.

ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಅಮ್ಮ ಸುಮ್ಮನೆ ಚಿಂತೆ ಮಾಡುತ್ತಾಳೆ. ನಾನು, “ಅವಳಿಗೇನಮ್ಮ, ಐಸ್‌ಕ್ರೀಂ ಮಧ್ಯೆ ಕೂತಿದ್ದಾಳೆ” ಎಂದು ಸಮಾಧಾನ ಮಾಡಿದ್ದೇನೆ.

ಅಕ್ಕ


ಮೇ 6

ಅಕ್ಕ,

ನಾನು ತುಂಬ ಚೆನ್ನಾಗಿದ್ದೇನೆ. ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ತಲೆ ತೊಳೆದಿಟ್ಟ ಗಾಜಿನ ಹಾಗಿರುತ್ತದೆ. ಬಂದ ಹೊಸದರಲ್ಲಿ ನನ್ನನ್ನು ಮಾತಾಡಿಸದವರು ಈಗ ತಡೆದು ನಿಲ್ಲಿಸಿ, ಎಷ್ಟು ಬದಲಾಗಿದ್ದೀಯ, ಹೇಗೆ ಮಾಡಿದೆ ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ.

ಈಗ ನನ್ನನ್ನು ಮುಂದಿನ ಕಚೇರಿಗೆ ಹಾಕಿದ್ದಾರೆ, ಚೀಟಿ ಬರೆಯುವ ಕೆಲಸ. ಪಶ್ಚಿಮಕ್ಕೆ ದೊಡ್ಡ ಕಿಟಕಿಯಿದೆ, ಮಧ್ಯಾಹ್ನವಿಡೀ ಬಿಸಿಲು ನೇರ ಬೆನ್ನ ಮೇಲೆ ಬೀಳುತ್ತದೆ. ಉಣ್ಣೆಯ ಅಸ್ತರಿ ಸಾಲದು. ಒಂದು ಸ್ವೆಟರ್ ಇದ್ದರೆ ಕಳಿಸು.

ಒಂದು ವಿಷಯ ಬಹಳ ದಿನದಿಂದ ಬರೆಯಬೇಕೆಂದಿದ್ದೆ. ಹೋದ ವರ್ಷ ಏಪ್ರಿಲ್‌ನಲ್ಲಿ, ನಿನ್ನ ಅಂಗಡಿಯಲ್ಲಿ, ನೀನು ನನ್ನ ಅಳತೆ ತೆಗೆದೆ. ಅಮ್ಮ ಪುಸ್ತಕ ಹಿಡಿದು ಕೂತಿದ್ದಳು. ನೀನು ಎಂದಿನ ಹಾಗೆ ಗಟ್ಟಿಯಾಗಿ ಕೂಗಿದೆ, ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು. ಸೊಂಟದ ಅಂಕಿ ಕೇಳಿ ಅಮ್ಮನ ಪೆನ್ನು ನಿಂತಿತು. ಆಗ ನೀನು ಹೇಳಿದೆ, “ಸರಿಯಾಗೇ ಕೇಳ್ಸಿದೆ ಬರ್ಕೊಳ್ಳಮ್ಮ, ನಾನೇನು ತಪ್ಪು ಹೇಳ್ತಿಲ್ಲ. ಇವಳಿಗೆ ಅಂಗಿ ಹೊಲಿಯೋ ಬದಲು ಬಾಗಿಲಿಗೆ ಪರದೆ ಹೊಲಿಬಹುದು.” ಅಂಗಡಿಯಲ್ಲಿ ಬ್ಯಾಂಕಿನಾಕೆ ಇದ್ದರು, ಟೀಚರ್ ಇದ್ದರು, ಅವರ ಮಗಳಿದ್ದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಗದೆ ಬೇರೆ ಏನು ಮಾಡಬಹುದಿತ್ತು?

ಈಗ ಬೇಕಾದರೆ ಕೂಗು ಅಕ್ಕ. ಬೀದಿಗೆಲ್ಲ ಕೇಳುವ ಹಾಗೆ ಕೂಗು.

ಅದನ್ನು ಬಿಡು. ಸ್ವೆಟರ್ ಮರೆಯಬೇಡ.

ನಿನ್ನ ತಂಗಿ


ಮೇ 15

ಗುಂಡು,

ಅಯ್ಯೋ, ಅದೊಂದು ತಮಾಷೆಯ ಮಾತು. ಆಡಿದ ನನಗೇ ನೆನಪಿಲ್ಲ. ಹದಿನೆಂಟು ವರ್ಷದಿಂದ ಬಂದವರ ಅಳತೆಯನ್ನೆಲ್ಲ ಕೂಗಿದ್ದೇನೆ, ಯಾರೂ ಹೀಗೆ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಒಡಹುಟ್ಟಿದವಳು ನಗಿಸದೆ ಮತ್ಯಾರು ನಗಿಸಬೇಕು? ನಿನ್ನನ್ನು ಗುಂಡು ಎಂದು ಕರೆಯುವುದು ಕೂಡ ಮುದ್ದಿನಿಂದಲೇ ಅಲ್ಲವೇ?

ಸ್ವೆಟರ್ ಕಳಿಸಿದ್ದೇನೆ, ಅಮ್ಮನದು. ಇನ್ನು ಆ ಟೇಪಿನ ಸಹವಾಸ ಬೇಡ. ದಾರ ತೆಗೆದುಕೊಂಡು ಎದೆಗೆ ಒಂದು, ಸೊಂಟಕ್ಕೆ ಒಂದು, ತೋಳಿಗೆ ಒಂದು ಸುತ್ತಿ, ಸಂಧಿಸುವಲ್ಲಿ ಗಂಟು ಹಾಕಿ, ಲಕೋಟೆಯಲ್ಲಿಟ್ಟು ಕಳಿಸು. ದಾರ ಹಿಗ್ಗುವುದಿಲ್ಲ, ಸುಳ್ಳೂ ಹೇಳುವುದಿಲ್ಲ.

ಅಕ್ಕ


ಮೇ 24

ಕೆಂಪು ಎದೆ. ಬಿಳಿ ಸೊಂಟ. ಕಪ್ಪು ತೋಳು.


ಮೇ 29

ಗುಂಡು ಎಂದು ಬರೆಯಲು ಹೋದೆ. ಪೆನ್ನು ಏಳಲಿಲ್ಲ.

ಈ ಪತ್ರಕ್ಕಿಂತ ಮೊದಲು ನಾನೇ ಬಂದಿರುತ್ತೇನೆ. ಆದರೂ ಬರೆಯುತ್ತಿದ್ದೇನೆ. ಮುಖ ನೋಡಿದರೆ ನನಗೆ ಮಾತು ಬಾರದು, ಬಂದರೂ ಯಾವುದೋ ಕುಚೋದ್ಯವೇ ಬಂದುಬಿಡುತ್ತದೆ.

ನಿನ್ನ ಲಕೋಟೆ ಬೆಳಿಗ್ಗೆ ಬಂತು. ದಾರಗಳನ್ನು ಕತ್ತರಿಸುವ ಮೇಜಿನ ಮೇಲೆ ಹರಡಿದೆ. ಬಿಳಿಯ ದಾರ ನೋಡಿ, ಇವಳು ಎಲ್ಲೋ ಅರ್ಧ ಸುತ್ತು ಸುತ್ತಿ ಗಂಟು ಹಾಕಿದ್ದಾಳೆ ಎಂದುಕೊಂಡೆ. ಕಪ್ಪನ್ನು ನೋಡಿ, ತೋಳಲ್ಲ, ಮಣಿಕಟ್ಟು ಇರಬೇಕು ಎಂದುಕೊಂಡೆ. ನನ್ನದು ಎಂಥ ತಲೆ ನೋಡು, ನಿನ್ನದು ತಪ್ಪು, ಟೇಪಿನದು ತಪ್ಪು, ದಾರದ್ದು ತಪ್ಪು. ಆಮೇಲೆ ಯಾಕೋ ಹಳೆಯ ಅಳತೆ ಪುಸ್ತಕಗಳನ್ನು ಇಳಿಸಿದೆ. ಕಳೆದ ವರ್ಷದ್ದಕ್ಕೆ ಹೊಂದಲಿಲ್ಲ. ಕಾಲೇಜಿನದ್ದಕ್ಕೆ ಹೊಂದಲಿಲ್ಲ. ಪುಟ ತಿರುಗಿಸುತ್ತ ಹಿಂದೆ ಹಿಂದೆ ಹೋದೆ. ಬಿಳಿಯ ದಾರ ಕೊನೆಗೆ ಹೊಂದಿದ್ದು ನಿನ್ನ ಆರನೆಯ ತರಗತಿಯ ಯೂನಿಫಾರಂ ಅಳತೆಗೆ. ಆಗ ನಿನಗೆ ಹನ್ನೊಂದು ವರ್ಷ, ನನ್ನ ಭುಜದವರೆಗೂ ಬರುತ್ತಿರಲಿಲ್ಲ. ಕಪ್ಪು ದಾರಕ್ಕೆ ಹೊಂದುವ ಅಳತೆ ಯಾವ ಪುಟದಲ್ಲೂ ಇಲ್ಲ.

ನಿನ್ನ ಪತ್ರಗಳನ್ನೆಲ್ಲ ತೆಗೆದು ಮೊದಲಿಂದ ಓದಿದೆ. ಕಿಟಕಿಯ ವಿಷಯ ಮೊದಲ ಸಲ ಓದಿದಾಗ ನನ್ನ ತಲೆಗೆ ಹೋಗಿರಲೇ ಇಲ್ಲ. ಮೇ ತಿಂಗಳ ಬಿಸಿಲು ಬೆನ್ನ ಮೇಲೆ ಬೀಳುತ್ತಿರುವಾಗ ಸ್ವೆಟರ್ ಯಾಕೆ ಬೇಕು? ತಣ್ಣಗಿರುವುದು ಕೋಣೆಯಲ್ಲ, ನೀನು.

ಹಾಸ್ಟೆಲ್ಲಿಗೆ ಫೋನ್ ಮಾಡಿದೆ. ಎತ್ತಿದವಳು ನಿನ್ನ ಪಕ್ಕದ ಮಂಚದವಳು. ನಿನ್ನನ್ನು ಕಚೇರಿಗೆ ಹಾಕಿದ್ದು ಬಡ್ತಿ ಎಂದುಕೊಂಡಿದ್ದೆ, ನೀನು ತಲೆ ಸುತ್ತಿ ಎರಡು ಸಲ ಬಿದ್ದ ಮೇಲೆ ಹಾಕಿದ್ದು ಎಂದು ಅವಳು ಹೇಳಿದಳು. ಆಮೇಲೆ ದನಿ ತಗ್ಗಿಸಿ, “ಅಕ್ಕಾ, ಎಲ್ರ ಜೊತೆ ಕೂತ್ಕೊಂಡು ತಟ್ಟೆ ತುಂಬ ಬಡಿಸ್ಕೋತಾಳೆ. ಬಾಯಿಗೂ ಹಾಕ್ತಾಳೆ. ಆದ್ರೆ ನುಂಗೋದೇ ಇಲ್ಲ. ನಾವು ಕೇಳಿದ್ರೆ ಅದು ನನ್ನ ಕೆಲಸ ಅಂತ ನಗ್ತಾಳೆ. ನೀವು ಬೇಗ ಬನ್ನಿ” ಎಂದಳು.

ನಿನಗೆ ಒಂದು ಸುಳ್ಳು ಹೇಳಿದ್ದೇನೆ. ಪರದೆಯ ಮಾತು ನೆನಪಿಲ್ಲ ಎಂದು ಬರೆದೆನಲ್ಲ, ಅದು. ನನಗೆ ಚೆನ್ನಾಗಿ ನೆನಪಿದೆ. ನಿನ್ನ ಕಿವಿ ಕೆಂಪಾದದ್ದೂ ನೆನಪಿದೆ. ಮಾತು ಬಾಯಿಂದ ಬಿದ್ದ ಗಳಿಗೆಯಲ್ಲೇ ಹೆಚ್ಚಾಯಿತು ಎಂದು ಗೊತ್ತಾಗಿತ್ತು. ಆದರೆ ಅಂಗಡಿ ತುಂಬ ನಗುತ್ತಿತ್ತು, ನನಗೆ ಅದು ಸುಖವಾಗಿತ್ತು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಬಟ್ಟೆ ತರಲು ಹೋಗುತ್ತೇನೆ ಎಂದು ಅಮ್ಮನಿಗೆ ಹೇಳಿದ್ದೇನೆ.

ಅಕ್ಕ


ಜೂನ್ 1
ಆಸ್ಪತ್ರೆ, ನಿನ್ನ ಮಂಚದ ಪಕ್ಕದ ಬೆಂಚು

ನನ್ನ ತಂಗೀ,

ಈ ಪತ್ರಕ್ಕೆ ಅಂಚೆ ಬೇಡ. ನಾನು ಒಂದು ಮಾರು ದೂರದಲ್ಲಿ ಕೂತಿದ್ದೇನೆ, ನೀನು ಮಲಗಿದ್ದೀಯ. ಎದ್ದಾಗಲೂ ನೀನು ನನ್ನ ಕಡೆ ತಿರುಗುವುದಿಲ್ಲ. ಅದಕ್ಕೇ ಬರೆದು ದಿಂಬಿನ ಕೆಳಗೆ ಇಡುತ್ತೇನೆ.

ನಾನು ಬಂದಾಗ ಹಾಸ್ಟೆಲ್ಲಿನ ಮಂಚ ಖಾಲಿಯಿತ್ತು. ಹಿಂದಿನ ದಿನ ನಾನು ಫೋನ್ ಮಾಡಿದ ಮೇಲೆ ಕಚೇರಿಯಲ್ಲಿ ಮೂರನೆಯ ಸಲ ಬಿದ್ದೆಯಂತೆ. ಡಾಕ್ಟರು ನಿನ್ನ ನಾಡಿ ಬಹಳ ನಿಧಾನವಾಗಿದೆ ಎಂದರು. ಎಷ್ಟು ನಿಧಾನ ಎಂದು ಕೇಳಿದೆ. ಅವರು, ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಕೇಳಿದರು. ತಿಂಗಳಿಗೊಂದು ಸಲ ನಿನ್ನ ಮೈಯ ಅಳತೆ ನನ್ನ ಕೈಗೆ ಬರುತ್ತಿತ್ತು ಎಂದು ಹೇಗೆ ಹೇಳಲಿ? ಒಂದೊಂದು ಇಂಚೂ ನನಗೇ ಬರೆದು ತಿಳಿಸಿದ್ದೀ. ನಾನು ಅದನ್ನು ತಿದ್ದುತ್ತ ಕೂತಿದ್ದೆ.

ವಾರ್ಡನ್ ನಿನ್ನ ಪೆಟ್ಟಿಗೆ ತಂದುಕೊಟ್ಟರು. ಹಳದಿ ಟೇಪನ್ನು ಆಸ್ಪತ್ರೆಯ ಕಬ್ಬಿಣದ ಅಳತೆಪಟ್ಟಿಯ ಪಕ್ಕದಲ್ಲಿ ಹಿಡಿದು ನೋಡಿದೆ. ಒಂದು ನೂಲಿನಷ್ಟೂ ಹಿಗ್ಗಿರಲಿಲ್ಲ. ಆಮೇಲೆ ನೀಲಿ ಅಂಗಿಯನ್ನು ಒಳಮೈ ತಿರುವಿದೆ. ನನ್ನ ಯಂತ್ರದ ಹೊಲಿಗೆಯ ಒಳಗೆ ಕೈಹೊಲಿಗೆಯ ಒಂದು ಸಾಲು, ಅದರ ಒಳಗೆ ಇನ್ನೊಂದು, ಹೀಗೆ ನಾಲ್ಕು. ನಾನು ಸೇರಿಸಿದ್ದನ್ನೆಲ್ಲ ನೀನು ಒಳಗೆ ಹಿಡಿದು ಹೊಲಿದಿದ್ದೀ. ಮೊದಲ ಸಾಲು ಎಷ್ಟು ಒಪ್ಪವಾಗಿದೆ, ನಾನೇ ಕಲಿಸಿದ ಹೊಲಿಗೆ. ನಾಲ್ಕನೆಯದರಲ್ಲಿ ಸೂಜಿ ಎಲ್ಲೆಲ್ಲೋ ಹೋಗಿದೆ. ಆದರೆ ಒಂದು ಮಾತು. ಹೆಚ್ಚಾದ ಬಟ್ಟೆಯನ್ನು ನೀನು ಕತ್ತರಿಸಿಲ್ಲ. ಒಂದು ಚೂರೂ ಕತ್ತರಿಸಿಲ್ಲ. ಎಲ್ಲ ಒಳಗೇ ಇದೆ. ಅದನ್ನು ಕೈಯಲ್ಲಿ ಹಿಡಿದು ಈ ಬೆಂಚಿನ ಮೇಲೆ ಅತ್ತೆ.

ಇವತ್ತು ಹನ್ನೊಂದು ಗಂಟೆಗೆ ನರ್ಸ್ ಬಂದು ನಿನ್ನ ತೋಳಿಗೆ ಟೇಪು ಸುತ್ತಿದರು. ಬಾಗಿಲ ಹತ್ತಿರ ಇನ್ನೊಬ್ಬರು ಪುಸ್ತಕ ಹಿಡಿದು ನಿಂತಿದ್ದರು. ಈ ನರ್ಸ್ ಅಂಕಿಯನ್ನು ಗಟ್ಟಿಯಾಗಿ ಕೂಗಿದರು. ಪುಸ್ತಕ ಹಿಡಿದವರು ನಂಬದೆ ಮತ್ತೆ ಕೇಳಿದರು. ಇವರು ಮತ್ತೆ ಕೂಗಿದರು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಎದ್ದು ಅವರ ಬಾಯಿ ಮುಚ್ಚಬೇಕೆನ್ನಿಸಿತು. ಆಗ ನಿನ್ನ ಮುಖ ನೋಡಿದೆ. ನೀನು ಕಣ್ಣು ಮುಚ್ಚಿಕೊಂಡೇ ನಕ್ಕೆ.

ನಾಡಿಗಿಂತ ನನಗೆ ಆ ನಗುವಿನದೇ ಭಯ.

ನಾನು ಈಗ ನೀಲಿ ಅಂಗಿಯ ಸಾಲುಗಳನ್ನು ಬಿಚ್ಚುತ್ತಿದ್ದೇನೆ, ನಾಲ್ಕನೆಯದರಿಂದ. ಎರಡು ಬಿಚ್ಚಿ ಆಯಿತು. ಬೈಯುವುದಿದ್ದರೆ ಎದ್ದು ಬೈ.

ಅಕ್ಕ


ಜೂನ್ 3
(ಅದೇ ಕಾಗದದ ಹಿಂಬದಿ)

ಅಕ್ಕ,

ಪೆನ್ನನ್ನು ನರ್ಸ್ ಹತ್ತಿರ ತೆಗೆದುಕೊಂಡೆ. ನೀನು ಬೆಂಚಿನ ಮೇಲೆ ಕೂತೇ ನಿದ್ದೆ ಹೋಗಿದ್ದೀಯ, ಬಾಯಿ ತೆರೆದಿದೆ.

ಟೇಪು ಸರಿಯಿದೆ ಎಂದು ನಿನಗೆ ಬರೆಯಬಹುದಿತ್ತು. ಪ್ರತಿ ಸಲ ಬರೆಯೋಣ ಎಂದುಕೊಳ್ಳುತ್ತಿದ್ದೆ. ನೀನೇ ಕಂಡುಹಿಡಿಯುತ್ತೀಯಾ ನೋಡೋಣ ಎಂದು ಸುಮ್ಮನಿದ್ದೆ.

ನಕ್ಕದ್ದು ನಾನಲ್ಲ ಎಂದು ಹೇಳಬೇಕೆನ್ನಿಸುತ್ತಿದೆ. ಆದರೆ ನಾನೇ. ಅಂಕಿ ಕಿವಿಗೆ ಬಿದ್ದ ಕೂಡಲೇ ಒಳಗೆ ಯಾರೋ ಗೆದ್ದ ಹಾಗೆ ಆಯಿತು. ಇವತ್ತು ಬೆಳಿಗ್ಗೆ ಕೊಟ್ಟ ಎರಡು ಚಮಚ ಗಂಜಿಯನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದೆ. ಒಂದನ್ನು ನುಂಗಿದೆ. ಇನ್ನೊಂದರ ವಿಷಯ ಕೇಳಬೇಡ.

ನನಗೂ ಭಯವಾಗುತ್ತಿದೆ. ಮನೆಗೆ ಹೋಗಬೇಡ.

ನೀಲಿ ಅಂಗಿ ನಿನ್ನ ಮಡಿಲಿನಿಂದ ಜಾರಿ ನನ್ನ ಮಂಚದ ಮೇಲೆ ಬಿದ್ದಿದೆ. ನೀನು ಬಿಚ್ಚಿದ ಜಾಗ ಮುಟ್ಟಿ ನೋಡಿದೆ, ತೂತುಗಳು ಹಾಗೇ ಇವೆ. ನೀನು ಬಿಚ್ಚುತ್ತಿದ್ದ ಸೂಜಿ ಅದರಲ್ಲೇ ಚುಚ್ಚಿದೆ, ದಾರವೂ ಪೋಣಿಸಿದೆ. ಎದ್ದ ಕೂಡಲೇ ಅದನ್ನು ತೆಗೆದು ನನ್ನ ಕೈಗೆ ಸಿಗದ ಕಡೆ ಇಟ್ಟುಕೋ, ಅಕ್ಕ. ಸಿಕ್ಕಿದರೆ ನಾನು ಮತ್ತೆ ಹೊಲಿದುಬಿಡುತ್ತೇನೆ.